ಹಲ್ಲಿನ ಸೆಟ್ಟಿಗೆ ಸ್ಕ್ಯಾನ್ ಸಾಕೇ?

ಕೊಕ್ಕರ್ಣೆಯಿಂದ ಮಣಿಪಾಲದ ದಂತ ಕಾಲೇಜಿಗೆ ಹೋಗಿಬರುವುದೆಂದರೆ ವಯಸ್ಸಾದ ಉಮ್ಮನಿಗೆ ಒಂದು ದಿನದ ಕೆಲಸ. 1965ರಲ್ಲಿ ಆ ಕಾಲೇಜು ಆರಂಭವಾದಂದಿನಿಂದ ಈ ಕಡೆಯವರು ಹಲ್ಲಿಗೆಂದು ಅಲ್ಲಿಗೆ ಹೋಗುತ್ತಾ ಬಂದಿದ್ದಾರೆ. ಪೂರ್ತಿ ಸೆಟ್ಟಿಗಾದರೆ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಹಾಗಿರುವಾಗ "ಈಗ ಅಚ್ಚು ತೆಗೆಯುವ ರಗಳೆಯಿಲ್ಲ, ಕ್ಯಾಮರಾದಲ್ಲಿ ಸ್ಕ್ಯಾನ್ ಮಾಡಿದರೆ ಮುಗಿಯಿತು" ಎಂದು ಯಾರಾದರೂ ಹೇಳಿದರೆ ನಿಮಗೆ ಖುಷಿಯಾಗುವುದು ಸಹಜ. ಆದರೆ ಉಮ್ಮನ ಬಾಯಲ್ಲಿ ಒಂದೂ ಹಲ್ಲು ಉಳಿದಿಲ್ಲವಾದರೆ ಸ್ವಲ್ಪ ತಾಳಿ.

ಸ್ಕ್ಯಾನರ್ ಬಾಯಿಯೊಳಗಿನ ಸಣ್ಣ ಸಣ್ಣ ಚಿತ್ರಗಳನ್ನು ತೆಗೆದು ಒಂದಕ್ಕೊಂದು ಜೋಡಿಸುತ್ತದೆ. ಹಲ್ಲಿನ ಉಬ್ಬುತಗ್ಗುಗಳೇ ಅದಕ್ಕೆ ಗುರುತು. ಬರೀ ಒಸಡು ನುಣುಪು, ಜೊಲ್ಲಿನಿಂದ ಹೊಳೆಯುತ್ತದೆ, ಅಲುಗಾಡುತ್ತದೆ. ಜೋಡಣೆಯ ಸಣ್ಣ ತಪ್ಪುಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬರುವಾಗ ಬೆಳೆದಿರುತ್ತವೆ. ಮೇಲಿನ ಅಂಗುಳ ಅಗಲವಾಗಿರುವುದರಿಂದ ಪರವಾಗಿಲ್ಲ. ಕೆಳಗಡೆ ನಾಲಗೆ ಸುಮ್ಮನಿರುವುದೇ ಇಲ್ಲ!

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕ್ಯಾಮರಾ ವಿಶ್ರಾಂತಿಯಲ್ಲಿರುವ ಒಸಡನ್ನು ನೋಡುತ್ತದೆ, ಅದೂ ಕೆನ್ನೆಯನ್ನು ಎಳೆದು ಹಿಡಿದಾಗ. ಸೆಟ್ಟು ನಿಲ್ಲಬೇಕಾದದ್ದು ಉಮ್ಮ ಪತ್ತಿರ್ ಅಗಿಯುವಾಗ, ಮಾತಾಡುವಾಗ, ನಗುವಾಗ. ಹಳೆಯ ಕ್ರಮದಲ್ಲಿ ವೈದ್ಯರು ಅಚ್ಚಿನ ತಟ್ಟೆಯ ಅಂಚಿಗೆ ಮೆತ್ತಗಿನ ವಸ್ತು ಹಚ್ಚಿ, ತುಟಿ ಮುಂದೆ ಮಾಡಿ, ನಾಲಗೆ ಆಡಿಸಿ ಎನ್ನುವುದು ಇದಕ್ಕೇ. ಆ ಅಂಚು ಸರಿಯಾಗಿ ಕೂತರೆ ಮಾತ್ರ ಮೇಲಿನ ಸೆಟ್ಟು ಗಾಳಿ ಬಿಡದೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕೈಯಲ್ಲೇ ಅಚ್ಚು ತೆಗೆದು, ಆ ಅಚ್ಚನ್ನು ಸ್ಕ್ಯಾನ್ ಮಾಡುವ ವೈದ್ಯರಿದ್ದಾರೆ. ಅದು ಹಿಂದುಳಿದ ಕ್ರಮವೆಂದು ಮುಖ ಸಿಂಡರಿಸಬೇಡಿ.

ಸ್ಕ್ಯಾನಿನಿಂದ ಲಾಭವಿಲ್ಲವೆಂದಲ್ಲ. ಒಂದೆರಡು ಹಲ್ಲು ಮಾತ್ರ ಹೋಗಿದ್ದರೆ, ಅಚ್ಚು ಬಾಯಿಗಿಟ್ಟೊಡನೆ ವಾಂತಿ ಬರುವಂತಾದರೆ ಅದು ಬಹಳ ಅನುಕೂಲ. ಕಂಪ್ಯೂಟರ್ ಗಟ್ಟಿಯಾದ ತುಂಡಿನಿಂದ ಕೊರೆದು ಸೆಟ್ಟು ಮಾಡಿದರೆ ಕುಗ್ಗುವ ಸಮಸ್ಯೆಯೂ ಕಡಿಮೆ. ಹಿಟ್ಟಿನಂತೆ ಕಲಸಿ ಬೇಯಿಸುವ ಅಕ್ರಿಲಿಕ್ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇ. 7ರಷ್ಟು ಕುಗ್ಗುತ್ತದೆ. ಕಡತ ಉಳಿಸಿಟ್ಟಿದ್ದರೆ, ಸೆಟ್ಟು ಒಡೆದರೂ ಕಳೆದರೂ ಮತ್ತೊಂದು ಮಾಡಿಸುವುದು ಸುಲಭ. ಕಡತ ಇಡುತ್ತೀರಾ ಎಂದು ಮೊದಲೇ ಕೇಳಿ. ಅಂಚಿನ ಅಳತೆ ಹೇಗೆ ತೆಗೆಯುತ್ತೀರಿ ಎಂದೂ ಕೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಹಳೆಯ ಸೆಟ್ಟು ಒತ್ತಿದ ಒಸಡಿನ ಆಕಾರ ಬದಲಾಗಿರುತ್ತದೆ. ಅದೇ ಅಳತೆ ತೆಗೆದರೆ ಸ್ಕ್ಯಾನೂ ತಪ್ಪು, ಅಚ್ಚೂ ತಪ್ಪು. ಎಷ್ಟು ಹೊತ್ತು ಮೊದಲು ತೆಗೆದಿಡಬೇಕೆಂದು ವೈದ್ಯರಲ್ಲಿ ವಿಚಾರಿಸಿ. ಹಿಂದಿನ ದಿನವೇ ತೆಗೆದಿಡಿ ಎಂದರೆ ಅಂದು ಉಮ್ಮನಿಗೆ ಗಂಜಿ ಮಾಡಿಕೊಡಿ. ಬೋಳು ಬಾಯಲ್ಲಿ ಬಸ್ಸು ಹತ್ತಲು ನಾಚಿಕೆಯಾದರೆ ಸೆರಗು ಸ್ವಲ್ಪ ಮುಂದೆ ಎಳೆದುಕೊಳ್ಳಲಿ.