ಹೆಸರಿಲ್ಲದ ಪದ್ಯ, ಹೆಸರುಳ್ಳ ಓದುಗ: ಹಾಯ್ಕು ಸಭೆಯ ಶಿಷ್ಟಾಚಾರವನ್ನು ಕುರಿತು

ಸಾಹಿತ್ಯಪ್ರಕಾರವೊಂದು ಒಂದು ಭಾಷೆಯಿಂದ ಮತ್ತೊಂದು ಭಾಷೆಗೆ ಬರುವಾಗ ಅದರ ಹೊರ ಆಕಾರವು ಬಹುಬೇಗ ಬರುತ್ತದೆ. ಆ ಆಕಾರವನ್ನು ಸಾಕಿ ಬೆಳೆಸಿದ ರೂಢಿಗಳು ಬಹುಮಟ್ಟಿಗೆ ಮೂಲ ನೆಲದಲ್ಲಿಯೇ ಉಳಿದುಬಿಡುತ್ತವೆ. ಗಜಲ್ ಕನ್ನಡಕ್ಕೆ ಬಂದಾಗ ಕಾಫಿಯಾ, ರದೀಫ್‌ಗಳ ಕಟ್ಟುಪಾಡು ಬಂದಿತು; ದ್ವಿಪದಿಯ ಮೊದಲ ಸಾಲನ್ನು ಮರಳಿ ಹೇಳಿಸುತ್ತ ಎರಡನೆಯ ಸಾಲಿಗಾಗಿ ಕಾಯುವ ಮುಶಾಯಿರಾದ ಕೇಳುವಿಕೆ ಅಷ್ಟಾಗಿ ಬರಲಿಲ್ಲ. ಜಪಾನಿನ ಹಾಯ್ಕುವಿನ ವಿಷಯದಲ್ಲಿ ಆದದ್ದೂ ಇದೇ. ಐದು, ಏಳು, ಐದು ಎಂಬ ಹದಿನೇಳರ ಲೆಕ್ಕವನ್ನು ನಾವು ಪಡೆದೆವು. ಆ ಲೆಕ್ಕವೂ ಪೂರ್ತಿಯಾಗಿ ಬಂದಿತೆನ್ನುವಂತಿಲ್ಲ. ಜಪಾನೀ ಭಾಷೆಯಲ್ಲಿ ದೀರ್ಘಸ್ವರವನ್ನು ಎರಡೆಂದು ಎಣಿಸುವುದರಿಂದ ‘ತೋಕ್ಯೋ’ ಎಂಬ ಊರ ಹೆಸರು ಅಲ್ಲಿ ನಾಲ್ಕಾಗುತ್ತದೆ. ಇದು ನಮ್ಮ ಅಕ್ಷರಗಣನೆಗಿಂತ ಮಾತ್ರಾಗಣನೆಗೆ ಹತ್ತಿರವಾದುದು. ಹದಿನೇಳು ಕನ್ನಡ ಅಕ್ಷರಗಳು ಹದಿನೇಳು ಜಪಾನೀ ಘಟಕಗಳಿಗಿಂತ ಹೆಚ್ಚಿನ ಹೊರೆಯನ್ನು ಹೊರುತ್ತವೆ.

ಲೆಕ್ಕದ ಈ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುವುದು ಕಷ್ಟವಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ನಮ್ಮ ಗಮನದಿಂದ ತಪ್ಪಿಹೋಗಿದೆ. ಹಾಯ್ಕು ಜಪಾನಿನಲ್ಲಿ ಏಕಾಂತದ ಕವಿತೆಯಷ್ಟೇ ಅಲ್ಲ, ಕೂಟದ ಕವಿತೆಯೂ ಹೌದು. ಆ ಕೂಟಕ್ಕೆ ತನ್ನದೇ ಆದ ಶಿಷ್ಟಾಚಾರವಿದೆ. ಅದನ್ನು ಕೇವಲ ಸೌಜನ್ಯದ ನಿಯಮಾವಳಿಯೆಂದು ಭಾವಿಸಿದರೆ ಅದರ ಅರ್ಥವೇ ಕೈತಪ್ಪುತ್ತದೆ. ಅದೊಂದು ಓದಿನ ಕ್ರಮ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ವಿಮರ್ಶೆಯ ಒಂದು ವಿಧಾನ. ಹಾಯ್ಕುವನ್ನು ಕನ್ನಡದಲ್ಲಿ ಬರೆಯಲು ಹೊರಟವರು ಹದಿನೇಳರ ಲೆಕ್ಕಕ್ಕಿಂತ ಮೊದಲು ಈ ಶಿಷ್ಟಾಚಾರವನ್ನು ಪಡೆಯಬೇಕಾಗಿತ್ತು ಎಂಬುದು ಈ ಲೇಖನದ ನಿಲುವು.

ಕೂಟದ ಹಿನ್ನೆಲೆ

ಹಾಯ್ಕುವಿನ ಮೂಲವಿರುವುದು ರೆಂಗಾ ಎಂಬ ಸರಪಳಿ ಪದ್ಯದಲ್ಲಿ. ಹಲವರು ಒಂದೆಡೆ ಕುಳಿತು, ಒಬ್ಬರ ಪದ್ಯಕ್ಕೆ ಮತ್ತೊಬ್ಬರು ಪದ್ಯವನ್ನು ಜೋಡಿಸುತ್ತ ಹೋಗುವ ರಚನೆಯಿದು. ಹದಿನಾಲ್ಕನೆಯ ಶತಮಾನದ ನಿಜೋ ಯೋಶಿಮೊತೊ ಇದರ ಸಂಕಲನವನ್ನು ಸಿದ್ಧಪಡಿಸಿದುದಲ್ಲದೆ ನಿಯಮಗಳನ್ನೂ ಕ್ರಮಗೊಳಿಸಿದನು. ಹದಿನೇಳನೆಯ ಶತಮಾನದಲ್ಲಿ ಬಾಶೋ (೧೬೪೪-೧೬೯೪) ಮತ್ತು ಅವನ ಶಿಷ್ಯರು ಮೂವತ್ತಾರು ಪದ್ಯಗಳ ಸರಪಳಿಯನ್ನು ವಿಶೇಷವಾಗಿ ಬೆಳೆಸಿದರು. ‘ಹೊಕ್ಕು’ ಎಂಬ ಮೊದಲ ಪದ್ಯವನ್ನು ಮುಖ್ಯ ಅತಿಥಿ ಹೇಳುವುದು, ಎರಡನೆಯದನ್ನು ಆತಿಥೇಯ ಹೇಳುವುದು ವಾಡಿಕೆ. ಮೊದಲ ಪದ್ಯದಲ್ಲಿ ಆ ಹೊತ್ತಿನ ಋತುವಿನ ಸೂಚನೆ ಇರಲೇಬೇಕು. ಇಂದು ನಾವು ಹಾಯ್ಕುವಿನ ಲಕ್ಷಣವೆಂದು ಪಾಠ ಹೇಳುವ ಋತುಸೂಚಕ ಪದವು ಹೀಗೆ ಮನೆಗೆ ಬಂದವನು ಮನೆಯವನಿಗೆ ಸಲ್ಲಿಸುವ ವಂದನೆಯೂ ಆಗಿದ್ದಿತು. ಕೂಟದಲ್ಲಿ ಸಾಮುರಾಯ್, ವರ್ತಕ, ವೈದ್ಯ, ಭಿಕ್ಷು ಎಲ್ಲರೂ ತಮ್ಮ ಕಾವ್ಯನಾಮಗಳಿಂದಲೇ ಪರಿಚಿತರು. ಹುಟ್ಟಿನ ಹೆಸರು ಹೊರುವ ಅಂತಸ್ತನ್ನು ಕಾವ್ಯನಾಮವು ಸ್ವಲ್ಪ ಹೊತ್ತಿಗಾದರೂ ಬಾಗಿಲಾಚೆ ನಿಲ್ಲಿಸುತ್ತಿತ್ತು.

ಮಾಸಾಓಕಾ ಶಿಕಿ (೧೮೬೭-೧೯೦೨) ಸರಪಳಿಯಿಂದ ಮೊದಲ ಪದ್ಯವನ್ನು ಬಿಡಿಸಿ ಅದಕ್ಕೆ ಸ್ವತಂತ್ರವಾದ ಸ್ಥಾನವನ್ನು ಕೊಟ್ಟನು. ‘ಹಾಯ್ಕು’ ಎಂಬ ಹೆಸರು ನೆಲೆಗೊಂಡುದು ಅವನಿಂದಲೇ. ಸರಪಳಿ ಪದ್ಯಕ್ಕೆ ಸಾಹಿತ್ಯದ ಪದವಿಯನ್ನೇ ಆತ ನಿರಾಕರಿಸಿದನು. ಅಂದಮೇಲೆ ಹಾಯ್ಕು ಅಲ್ಲಿಂದ ಮುಂದೆ ಏಕಾಂಗಿಯ ಕಲೆಯಾಗಬೇಕಾಗಿತ್ತು. ಹಾಗಾಗಲಿಲ್ಲ. ಸರಪಳಿ ಹೋದರೂ ಕೂಟ ಉಳಿಯಿತು. ೧೮೯೦ರ ದಶಕದಲ್ಲಿ ಶಿಕಿಯ ಬಳಗದಲ್ಲಿಯೇ ‘ಕುಕಾಯ್’ ಎಂಬ ಪದ್ಯಸಭೆಯು ಪರಸ್ಪರ ಆಯ್ಕೆಯ ಹೊಸ ಕ್ರಮದಲ್ಲಿ ರೂಢಿಗೆ ಬಂದಿತು. ಅದಕ್ಕೆ ಮುಂಚೆ ಶುಲ್ಕ ಪಡೆದು ಪದ್ಯಗಳಿಗೆ ಅಂಕಗಳನ್ನು ಹಾಕುವ ವೃತ್ತಿಪರ ಗುರುಗಳ ಕಾಲ. ಆ ಗುರುವಿನ ಸ್ಥಾನದಲ್ಲಿ ಇಡೀ ಸಭೆಯನ್ನೇ ಕೂಡಿಸಿದುದು ಈ ಬದಲಾವಣೆಯ ತಿರುಳು. ಬೆನ್ನುಮೂಳೆಯ ಕ್ಷಯದಿಂದ ಹಾಸಿಗೆ ಹಿಡಿದ ಮೇಲೂ ಶಿಕಿ ತೋಕ್ಯೋದ ನೆಗಿಶಿಯ ತನ್ನ ಮನೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಇಂತಹ ಸಭೆಗಳನ್ನು ನಡೆಸುತ್ತಿದ್ದನು.

ಸಭೆಯ ಕ್ರಮ

ಕುಕಾಯ್‌ನ ನಡಾವಳಿ ಇಂದಿಗೂ ಹೆಚ್ಚುಕಡಿಮೆ ಹೀಗಿದೆ. ಬಂದವರೆಲ್ಲರೂ ನಿಗದಿಯಾದಷ್ಟು ಪದ್ಯಗಳನ್ನು ಚೀಟಿಗೊಂದರಂತೆ ಬರೆದು, ಹೆಸರು ಹಾಕದೆ ಒಪ್ಪಿಸುತ್ತಾರೆ. ಚೀಟಿಗಳನ್ನು ಬೆರೆಸಿ ಎಲ್ಲರಿಗೂ ಹಂಚಲಾಗುತ್ತದೆ. ಪ್ರತಿಯೊಬ್ಬರೂ ತಮಗೆ ಬಂದ ಚೀಟಿಗಳಲ್ಲಿನ ಪದ್ಯಗಳನ್ನು ಒಂದು ಹಾಳೆಯ ಮೇಲೆ ಶುದ್ಧವಾಗಿ ನಕಲು ಮಾಡುತ್ತಾರೆ. ಕೈಬರಹದಿಂದ ಕವಿಯ ಗುರುತು ಸಿಗದಿರಲೆಂದೇ ಈ ಏರ್ಪಾಡು. ಹಾಳೆಗಳು ಸಭೆಯನ್ನು ಸುತ್ತುತ್ತವೆ. ಎಲ್ಲರೂ ಮೌನವಾಗಿ ಓದಿ, ಮೆಚ್ಚಿದವುಗಳನ್ನು ಗುರುತಿಸಿಕೊಂಡು, ಕೊನೆಗೆ ನಿಗದಿತ ಸಂಖ್ಯೆಯ ಪದ್ಯಗಳನ್ನು ಆಯ್ಕೆ ಮಾಡುತ್ತಾರೆ. ತನ್ನ ಪದ್ಯವನ್ನು ತಾನೇ ಆರಿಸುವಂತಿಲ್ಲ. ಆಯ್ಕೆ ಮುಗಿಯುವವರೆಗೆ ಯಾವ ಪದ್ಯದ ಬಗೆಗೂ ಮಾತನಾಡುವಂತಿಲ್ಲ. ಆನಂತರ ಆಯ್ಕೆಗಳನ್ನು ಗಟ್ಟಿಯಾಗಿ ಓದಲಾಗುತ್ತದೆ. ತನ್ನ ಪದ್ಯವನ್ನು ಓದಿದಾಗ ಮಾತ್ರ ಕವಿ ತನ್ನ ಕಾವ್ಯನಾಮವನ್ನು ಉಚ್ಚರಿಸಿ ಅದು ತನ್ನದೆಂದು ತಿಳಿಸುತ್ತಾನೆ. ಹಿರಿಯರ ಆಯ್ಕೆಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಓದುವುದು ವಾಡಿಕೆ. ಚರ್ಚೆ ಆಮೇಲಿನದು.

ಈ ಕ್ರಮದಲ್ಲಿ ಪದ್ಯ ಹೆಸರಿಲ್ಲದೆ ಓಡಾಡುತ್ತದೆಂಬುದು ಎಲ್ಲರ ಕಣ್ಣಿಗೂ ಬೀಳುವ ವಿಶೇಷ. ಅದರ ಜೊತೆಗೇ ಇರುವ ಇನ್ನೊಂದು ವಿಶೇಷ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆಯ್ಕೆಗಳನ್ನು ಓದುವಾಗ ಮೊದಲು ಹೇಳುವುದು ಆರಿಸಿದವರ ಹೆಸರನ್ನು. ಇಂಥವರ ಆಯ್ಕೆ ಎಂದು ಸಾರಿ, ಅನಂತರ ಪದ್ಯಗಳನ್ನು ಓದುತ್ತಾರೆ. ಅಂದರೆ ಇಲ್ಲಿ ಕವಿ ಮರೆಯಲ್ಲಿರುತ್ತಾನೆ, ಓದುಗ ಬಯಲಿನಲ್ಲಿ ನಿಲ್ಲುತ್ತಾನೆ. ಒಂದು ದುರ್ಬಲ ಪದ್ಯವನ್ನು ಮೆಚ್ಚಿದವನಿಗೂ, ಎಲ್ಲರೂ ದಾಟಿಹೋದ ಒಂದು ಒಳ್ಳೆಯ ಪದ್ಯವನ್ನು ಕಂಡುಹಿಡಿದವನಿಗೂ ಆ ಮೆಚ್ಚುಗೆಯ ಹೊಣೆ ತನ್ನ ಹೆಸರಿನೊಡನೆ ಅಂಟಿಕೊಳ್ಳುತ್ತದೆ. ಪದ್ಯ ಬರೆದು ಬಂದವನು ಓದಲೂ ಬೇಕು. ಓದಿದವನು ತನ್ನ ಓದಿಗೆ ಉತ್ತರ ಹೇಳಲೂ ಬೇಕು.

ನಮ್ಮ ಕವಿಗೋಷ್ಠಿಗಳ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ನಿರೂಪಕರು ಕವಿಯ ಹೆಸರನ್ನು, ಹುದ್ದೆಯನ್ನು, ಪ್ರಕಟಿತ ಸಂಕಲನಗಳನ್ನು, ಪಡೆದ ಪ್ರಶಸ್ತಿಗಳನ್ನು ಹೇಳಿದ ಬಳಿಕವಷ್ಟೇ ಕವಿತೆ ಕಿವಿಗೆ ಬೀಳುತ್ತದೆ. ಕೇಳಿದವರ ಪ್ರತಿಕ್ರಿಯೆ ಚಪ್ಪಾಳೆ; ಅದಕ್ಕೆ ಹೆಸರಿಲ್ಲ, ಹೊಣೆಯೂ ಇಲ್ಲ. ತಮ್ಮ ಸರದಿ ಮುಗಿದ ಕವಿಗಳು ಉಳಿದವರನ್ನು ಕೇಳದೆ ಎದ್ದುಹೋಗುವುದೂ ಅಪರೂಪವಲ್ಲ. ಮುನ್ನುಡಿ, ಬೆನ್ನುಡಿಗಳ ಲೋಕದಲ್ಲಿಯೂ ಪರಿಸ್ಥಿತಿ ತೀರ ಭಿನ್ನವಾಗಿಲ್ಲ. ಇದು ವ್ಯಕ್ತಿಗಳ ದೋಷವೆನ್ನುವುದಕ್ಕಿಂತ ಕ್ರಮದ ದೋಷವೆನ್ನುವುದು ಸರಿ. ಹೆಸರು ಮೊದಲು ಬಂದಾಗ ಕಿವಿ ಹೆಸರನ್ನೇ ಕೇಳುತ್ತದೆ, ಅದು ಮನುಷ್ಯಸಹಜ. ಕುಕಾಯ್‌ನ ಶಿಷ್ಟಾಚಾರವು ಈ ಸಹಜ ದೌರ್ಬಲ್ಯವನ್ನು ಒಪ್ಪಿಕೊಂಡು, ಅದಕ್ಕೆ ಪರಿಹಾರವನ್ನು ನಡಾವಳಿಯಲ್ಲಿಯೇ ಅಳವಡಿಸಿಕೊಂಡಿದೆ. ಹಾಯ್ಕುವಿನಷ್ಟು ಚಿಕ್ಕ ಪದ್ಯಕ್ಕೆ ಇದು ಇನ್ನೂ ಅಗತ್ಯ. ಮೂರು ಸಾಲಿನ ಪದ್ಯಕ್ಕೆ ಒಂದು ದೊಡ್ಡ ಹೆಸರು ತಗುಲಿಕೊಂಡರೆ ಪದ್ಯವು ಹೆಸರಿನ ಕೆಳಗೆ ಕಾಣದೆ ಹೋಗುತ್ತದೆ.

ಇನ್ನೆರಡು ರೂಢಿಗಳನ್ನೂ ಇಲ್ಲಿ ಉಲ್ಲೇಖಿಸಬೇಕು. ಕವಿಯು ತನ್ನ ಪದ್ಯವನ್ನು ತಾನೇ ಮುಂದಾಗಿ ವಿವರಿಸುವುದನ್ನು ಈ ಸಭೆ ಮೆಚ್ಚುವುದಿಲ್ಲ. ಯಾರೂ ಆರಿಸದ ಪದ್ಯ ಯಾರದೆಂದು ತಿಳಿಯದೆಯೇ ಉಳಿಯಬಹುದು. ಸೋಲಿಗೆ ಸಿಗುವ ಈ ಮರೆ ಹೊಸಬರಿಗೆ ದೊಡ್ಡ ಆಸರೆ. ಇನ್ನು, ತನ್ನ ಪದ್ಯದಂತಹುದೇ ಇನ್ನೊಂದು ಪದ್ಯ ಹಿಂದೆಯೇ ಇದ್ದಿತೆಂದು ಗೊತ್ತಾದಾಗ ಅದನ್ನು ಹಿಂತೆಗೆದುಕೊಳ್ಳುವುದು ಮರ್ಯಾದೆ. ಹದಿನೇಳು ಘಟಕಗಳಲ್ಲಿ, ಹಂಚಿಕೊಂಡ ಋತುಪದಗಳೊಡನೆ ಬರೆಯುವಾಗ ಇಬ್ಬರಿಗೆ ಒಂದೇ ಮಾತು ಹೊಳೆಯುವುದು ಅಸಂಭವವಲ್ಲ. ಆದುದರಿಂದ ಹಿಂತೆಗೆದುಕೊಂಡವನ ಮೇಲೆ ಕಳ್ಳತನದ ಆರೋಪ ಬರುವುದಿಲ್ಲ. ಮೊದಲು ಬರೆದವನಿಗೆ ಸ್ಥಳ ಬಿಟ್ಟುಕೊಟ್ಟಂತಾಗುತ್ತದೆ, ಅಷ್ಟೆ.

ಆಕ್ಷೇಪಗಳು

ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಇಲ್ಲಿನ ಉದ್ದೇಶವಲ್ಲ. ಇದರ ಮೇಲಿನ ಪ್ರಬಲ ಆಕ್ಷೇಪ ಜಪಾನಿನಲ್ಲಿಯೇ ಹುಟ್ಟಿತು. ಫ್ರೆಂಚ್ ಸಾಹಿತ್ಯದ ವಿದ್ವಾಂಸ ಕುವಾಬಾರಾ ತಾಕೆಓ ೧೯೪೬ರಲ್ಲಿ ‘ಸೆಕಾಯ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಹೆಸರಾಂತ ಕವಿಗಳ ಹತ್ತು ಹಾಯ್ಕುಗಳೊಡನೆ ಹವ್ಯಾಸಿಗಳ ಐದನ್ನು ಬೆರೆಸಿ, ಹೆಸರುಗಳನ್ನು ತೆಗೆದುಹಾಕಿ, ಯಾವುದು ಯಾರದೆಂದು ಹೇಳಬಲ್ಲಿರಾ ಎಂದು ಪ್ರಶ್ನಿಸಿದನು. ಹೇಳಲಾಗದಿದ್ದರೆ ಇದು ಎರಡನೆಯ ದರ್ಜೆಯ ಕಲೆ ಎಂಬುದು ಅವನ ವಾದ. ಕವಿಯ ಪ್ರತಿಷ್ಠೆಯು ಪದ್ಯದಿಂದಲ್ಲ, ಶಿಷ್ಯವರ್ಗದಿಂದ ಬರುತ್ತದೆಂಬ ಅವನ ಟೀಕೆಯನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಅವನು ಆಪಾದನೆಯಾಗಿ ಬಳಸಿದ ಪ್ರಯೋಗವನ್ನೇ ಕುಕಾಯ್ ತನ್ನ ಪ್ರತಿಯೊಂದು ಕೂಟದಲ್ಲಿಯೂ ಬೇಕೆಂದೇ ನಡೆಸುತ್ತದೆ. ಹವ್ಯಾಸಿಯ ಪದ್ಯವು ಗುರುವಿನ ಪದ್ಯವನ್ನು ಮೀರುವ ಸಾಧ್ಯತೆಯನ್ನು ಕುವಾಬಾರಾ ಕಲೆಯ ಕೊರತೆಯೆಂದು ಎಣಿಸಿದನು. ಸಭೆಯು ಅದನ್ನು ತನ್ನ ಸಾರ್ಥಕತೆಯೆಂದು ಎಣಿಸುತ್ತದೆ. ಪದ್ಯದ ಬೆಲೆಯನ್ನು ಕವಿಯ ಒಟ್ಟು ಸಾಧನೆಯಿಂದ ಅಳೆಯಬೇಕೇ ಅಥವಾ ಆ ಒಂದು ಪದ್ಯದಿಂದಲೇ ಅಳೆಯಬೇಕೇ ಎಂಬ ಪ್ರಶ್ನೆ ಇಲ್ಲಿದೆ. ಎರಡಕ್ಕೂ ಸ್ಥಳವಿರಬಹುದು; ಆದರೆ ಎರಡನೆಯದನ್ನು ನಾವು ಪ್ರಯತ್ನಿಸಿಯೇ ಇಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಗಂಭೀರವಾದುದು. ಸಭೆಯೊಳಗೆ ಸಮಾನತೆಯಿದ್ದರೂ ಸಭೆಯ ಬಾಗಿಲನ್ನು ಕಾಯುವವರು ಬೇರೆ ಇರುತ್ತಾರೆ. ಶಿಕಿಯ ಶಿಷ್ಯ ತಾಕಾಹಾಮಾ ಕ್ಯೋಶಿ (೧೮೭೪-೧೯೫೯) ನಡೆಸಿದ ‘ಹೊತೊತೊಗಿಸು’ ಪತ್ರಿಕೆಯಲ್ಲಿ ಪದ್ಯಗಳನ್ನು ಆರಿಸುವ ಅಧಿಕಾರ ಅವನೊಬ್ಬನದೇ ಆಗಿತ್ತು. ೧೯೧೬ರಲ್ಲಿ ಅದೇ ಪತ್ರಿಕೆ ಮಹಿಳೆಯರಿಗಾಗಿ ಒಂದು ಅಂಕಣವನ್ನು ತೆರೆದುದು ದೊಡ್ಡ ಹೆಜ್ಜೆ. ಆ ಕಾಲದಲ್ಲಿ ಬೆಳಕಿಗೆ ಬಂದ ಕವಯಿತ್ರಿಯರಲ್ಲಿ ಸುಗಿತಾ ಹಿಸಾಜೊ ಪ್ರಮುಖಳು. ಆದರೆ ೧೯೩೬ರಲ್ಲಿ ಆಕೆಯನ್ನೂ ಇನ್ನಿಬ್ಬರು ಕವಿಗಳನ್ನೂ ಪತ್ರಿಕೆಯ ಸದಸ್ಯಪಟ್ಟಿಯಿಂದ ತೆಗೆದುಹಾಕಲಾಯಿತು. ಪ್ರಕಟಣೆಯಲ್ಲಿ ಕಾರಣವನ್ನು ಕೊಟ್ಟಿರಲಿಲ್ಲ. ಆಕೆಯ ಹಾಯ್ಕುಗಳ ಸಂಕಲನ ಹೊರಬಂದುದು ೧೯೫೨ರಲ್ಲಿ, ಆಕೆ ತೀರಿಕೊಂಡು ಆರು ವರ್ಷಗಳು ಕಳೆದ ಮೇಲೆ. ಪದ್ಯದ ಹೆಸರನ್ನು ಮರೆಮಾಡಿದ ಮಾತ್ರಕ್ಕೆ ಕವಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಆದರೆ ಈ ಪ್ರಕರಣದಲ್ಲಿ ಸೋತುದು ಪರಸ್ಪರ ಆಯ್ಕೆಯ ಕ್ರಮವಲ್ಲ. ಆ ಕ್ರಮವನ್ನು ಬಿಟ್ಟು ಆಯ್ಕೆಯನ್ನು ಒಬ್ಬನ ಕೈಗೆ ಒಪ್ಪಿಸಿದಲ್ಲಿ ಇಂತಹ ಅಪಾಯ ಹುಟ್ಟುತ್ತದೆ. ಅತಿ ಹೆಚ್ಚು ಆಯ್ಕೆಗಳನ್ನು ಪಡೆದ ಪದ್ಯವೇ ಅತ್ಯುತ್ತಮವಲ್ಲವೆಂಬುದನ್ನೂ ಮರೆಯಬಾರದು. ಒಬ್ಬನೇ ಆರಿಸಿ, ಏಕೆ ಆರಿಸಿದೆನೆಂದು ಎದ್ದುನಿಂತು ಹೇಳಿದ ಪದ್ಯವೇ ಕೆಲವೊಮ್ಮೆ ಸಭೆಯ ನಿಜವಾದ ಲಾಭವಾಗಿರುತ್ತದೆ.

ಕನ್ನಡದ ಒಂದು ನೆನಪು

ಹೆಸರನ್ನು ಮರೆಮಾಡುವುದು ನಮಗೆ ತೀರ ಅಪರಿಚಿತವಾದ ಸಂಗತಿಯೇನಲ್ಲ. ಶಿಕಿಯ ಸಮಕಾಲೀನನೇ ಆದ ನಂದಳಿಕೆ ಲಕ್ಷ್ಮೀನಾರಣಪ್ಪ (೧೮೭೦-೧೯೦೧), ನಮ್ಮ ಮುದ್ದಣ, ತನ್ನ ಕೃತಿಗಳನ್ನು ಹಳೆಯ ಕಾವ್ಯಗಳ ಪ್ರತಿಗಳೆಂಬಂತೆ ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿ ಪ್ರಕಟಿಸಿದುದು ಸಾಹಿತ್ಯಚರಿತ್ರೆಗೆ ತಿಳಿದ ವಿಷಯ. ಇಬ್ಬರೂ ಕ್ಷಯಕ್ಕೆ ತುತ್ತಾಗಿ ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡವರು. ಒಬ್ಬನ ಸುತ್ತ ಹೆಸರಿಲ್ಲದ ಪದ್ಯಗಳನ್ನು ಓದುವ ಒಂದು ಬಳಗವಿತ್ತು. ಉಡುಪಿಯ ಶಾಲೆಯೊಂದರಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದ ಇನ್ನೊಬ್ಬನು ತನ್ನ ಬರಹಕ್ಕೆ ಓದು ದೊರೆಯಲೆಂದು ಪ್ರಾಚೀನತೆಯ ವೇಷವನ್ನು ತೊಡಿಸಬೇಕಾಯಿತೆಂದು ಊಹಿಸಲು ಅವಕಾಶವಿದೆ. ಮುದ್ದಣನ ಮರೆಯು ಅವನೊಬ್ಬನ ಉಪಾಯವಾಗಿದ್ದಿತು. ಸತ್ಯ ಲೋಕಕ್ಕೆ ತಿಳಿಯುವ ವೇಳೆಗೆ ಅವನಿರಲಿಲ್ಲ. ಕುಕಾಯ್‌ನ ಮರೆಯು ಎಲ್ಲರಿಗೂ ಸಮಾನವಾದುದು, ಸಂಜೆಯೊಳಗೆ ಸರಿಯುವಂತಹುದು.

ಇಂದು ನಮ್ಮ ಸಣ್ಣ ಊರುಗಳಿಂದ ಬರೆಯುವ ತರುಣ ತರುಣಿಯರ ಸ್ಥಿತಿ ಮುದ್ದಣನದಕ್ಕಿಂತ ಎಷ್ಟು ಭಿನ್ನ ಎಂಬುದನ್ನು ಯೋಚಿಸಬೇಕು. ಅವರ ಹೆಸರು ಯಾರಿಗೂ ಗೊತ್ತಿಲ್ಲದಿರುವುದರಿಂದ ಅವರ ಕವಿತೆಯನ್ನು ಯಾರೂ ಓದುವುದಿಲ್ಲ. ಹಿರಿಯರ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ಅವರ ಕವಿತೆಯನ್ನೂ ಯಾರೂ ನಿಜವಾಗಿ ಓದುವುದಿಲ್ಲ. ನಷ್ಟ ಇಬ್ಬರದೂ.

ಆದುದರಿಂದ ಹಾಯ್ಕು, ಹನಿಗವನ, ಚುಟುಕಗಳ ಕವಿಗೋಷ್ಠಿಗಳನ್ನು ಏರ್ಪಡಿಸುವವರು, ವಿಶೇಷವಾಗಿ ಕಾಲೇಜುಗಳ ಮತ್ತು ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು, ಈ ಕ್ರಮವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಉಚಿತ. ಇದಕ್ಕೆ ವೇದಿಕೆ ಬೇಡ, ಧ್ವನಿವರ್ಧಕ ಬೇಡ, ಹಾರ ತುರಾಯಿಗಳೂ ಬೇಡ. ಹತ್ತು ಹನ್ನೆರಡು ಜನ, ಒಂದಿಷ್ಟು ಚೀಟಿಗಳು, ಎರಡು ಗಂಟೆಗಳ ಕಾಲ ಸಾಕು. ಅಧ್ಯಾಪಕರೂ ವಿದ್ಯಾರ್ಥಿಗಳ ನಡುವೆ ಕುಳಿತು ತಮ್ಮ ಪದ್ಯವನ್ನು ಹೆಸರಿಲ್ಲದೆ ಒಪ್ಪಿಸಬೇಕು. ಅದು ಆಯ್ಕೆಯಾಗದಿದ್ದರೆ ಸುಮ್ಮನಿರಬೇಕು. ತಾವು ಆರಿಸಿದ ಪದ್ಯ ಪ್ರಥಮ ವರ್ಷದ ವಿದ್ಯಾರ್ಥಿನಿಯದೆಂದು ತಿಳಿದಾಗ, ಏಕೆ ಆರಿಸಿದೆವೆಂಬುದನ್ನು ಎಲ್ಲರೆದುರು ಹೇಳಬೇಕು. ವಿಮರ್ಶೆಯ ಪಾಠ ಅಲ್ಲಿಂದ ಆರಂಭವಾಗಬಹುದು.