ಸಾಕ್ಷ್ಯಚಿತ್ರ ಯಾವುದಕ್ಕೆ ಸಾಕ್ಷಿ?

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಎನ್ನುತ್ತೇವೆ. ಸಾಕ್ಷಿ ಅಂದಮೇಲೆ ಪಾಟೀಸವಾಲೂ ಇರಬೇಕಲ್ಲ? ಮೂಕಿ ಕಾಲದ ಒಂದು ಪ್ರಸಿದ್ಧ ಚಿತ್ರವನ್ನು ಹಾಗೆ ಕಟಕಟೆಗೆ ಕರೆಯೋಣ.

1922ರಲ್ಲಿ ತೆರೆಕಂಡ ‘ನಾನೂಕ್ ಆಫ್ ದ ನಾರ್ತ್’. ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ ರಾಬರ್ಟ್ ಫ್ಲಾಹರ್ಟಿ ಒಂದು ಇನುಯಿಟ್ ಕುಟುಂಬದ ಬದುಕನ್ನು ಚಿತ್ರಿಸಿದ. ಹಣ ಹಾಕಿದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಫ್ರೆಂಚ್ ಕಂಪನಿ. ಆದರೆ ನಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲಿನ ಹೆಂಡತಿ ಅವನ ಹೆಂಡತಿಯಲ್ಲ. ಆ ಜನ ಆಗಲೇ ಕೋವಿ ಬಳಸುತ್ತಿದ್ದರು. ಕ್ಯಾಮೆರಾಕ್ಕಾಗಿ ಈಟಿ ಹಿಡಿದರು. ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಒಂದು ಕಡೆ ಗೋಡೆಯನ್ನೇ ತೆಗೆದು ‘ಒಳಗಿನ’ ದೃಶ್ಯ ಚಿತ್ರಿಸಿದರು. ಗ್ರಾಮಫೋನ್ ತಟ್ಟೆಯನ್ನು ಮೊದಲ ಸಲ ಕಂಡವನಂತೆ ನಾನೂಕ್ ಅದನ್ನು ಕಚ್ಚಿ ನೋಡುತ್ತಾನೆ. ಅದೂ ನಟನೆಯೇ.

ಹಾಗಾದರೆ ಎಲ್ಲವೂ ಸುಳ್ಳೇ? ಹಿಮದ ಗಟ್ಟಿಗಳನ್ನು ಕೊಯ್ದು ಮನೆ ಕಟ್ಟುವ ಆ ಕೈಗಳು ನಿಜ. ಕಿಟಕಿಗೆ ಗಾಜಿನ ಬದಲು ಮಂಜುಗಡ್ಡೆಯ ಹಲಗೆ ಕೂರಿಸುವ ಜಾಣ್ಮೆಯೂ ನಿಜ. ಫ್ಲಾಹರ್ಟಿ ಅಲ್ಲಿಯೇ ರೀಲು ತೊಳೆದು ಅವರಿಗೆ ತೋರಿಸುತ್ತಿದ್ದ. ಚಿತ್ರ ತೆಗೆಯುವ ಕೆಲಸದಲ್ಲಿ ಅವರೂ ಪಾಲುದಾರರಾಗಿದ್ದರು. ಕಥೆ ಯಾವುದು, ದಾಖಲೆ ಯಾವುದು ಎಂಬ ಗೆರೆಯನ್ನು ಆಗಿನ್ನೂ ಯಾರೂ ಗಟ್ಟಿಯಾಗಿ ಎಳೆದಿರಲಿಲ್ಲ. ಜಾನ್ ಗ್ರಿಯರ್ಸನ್ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಸಿನಿಮಾಕ್ಕೆ ತಂದದ್ದು 1926ರಲ್ಲಿ, ಇದೇ ಫ್ಲಾಹರ್ಟಿಯ ‘ಮೊವಾನಾ’ ಬಗ್ಗೆ ಬರೆಯುವಾಗ.

ನಮ್ಮಲ್ಲೂ ಈ ಬೆರಕೆ ಇತ್ತು. ಹಿಮಾಂಶು ರಾಯ್ ಮತ್ತು ಜರ್ಮನಿಯ ಫ್ರಾಂಜ್ ಓಸ್ಟೆನ್ ಮಾಡಿದ 1925ರ ಮೂಕಿ ಚಿತ್ರ ‘ಲೈಟ್ ಆಫ್ ಏಷ್ಯಾ’ ಬುದ್ಧನ ಕಥೆ. ಶುರುವಾಗುವುದು ಮಾತ್ರ ಆ ಕಾಲದ ಬೀದಿಗಳಿಂದ, ಅವನ್ನು ನೋಡಲು ಬಂದ ವಿದೇಶಿ ಪ್ರವಾಸಿಗರಿಂದ. ಅವರಿಗೆ ಒಬ್ಬ ಮುದುಕ ಕಥೆ ಹೇಳತೊಡಗಿದ ಮೇಲೆ ಸಿದ್ಧಾರ್ಥ ಬರುತ್ತಾನೆ.

ಮುಂದೆ ಫ್ಲಾಹರ್ಟಿಯೇ ನಮ್ಮ ಮೈಸೂರಿಗೆ ಬಂದ, 1935ರಲ್ಲಿ. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂದಿತ್ತು, ಅವನ ವಿಧಾನ ಮಾತ್ರ ಹಳೆಯದೇ: ನಿಜವಾದ ಜಾಗ, ನಿಜವಾದ ಜನ, ಅದರ ಮೇಲೊಂದು ಕಥೆ. ಕಿಪ್ಲಿಂಗನ ಆನೆ ಕಥೆಗೆ ಹುಡುಗನಾಗಿ ಸಿಕ್ಕವನು ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಸಾಬು, ತೀರಿಹೋಗಿದ್ದ ಮಾವುತನ ಮಗ. ಆಗ ಅವನಿಗೆ 11 ವರ್ಷ. ಮೈಸೂರಿನಲ್ಲಿ ತೆಗೆದ ರೀಲುಗಳ ಜೊತೆಗೆ ಲಂಡನ್ ಬಳಿಯ ಡೆನಮ್ ಸ್ಟುಡಿಯೊದಲ್ಲಿ ಜೋಲ್ಟನ್ ಕೊರ್ಡಾ ಚಿತ್ರಿಸಿದ ಮಾತಿನ ದೃಶ್ಯಗಳು ಸೇರಿ 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. ಅದರಲ್ಲಿ ನಮ್ಮ ಮಾವುತನ ಮಗನಿಗೆ ತಂದೆಯಾದವನು ಇಂಗ್ಲಿಷ್ ನಟ.

ಇವತ್ತು ನೋಡಿದರೆ ಆ ಸಾಹೇಬರ ಕಥೆ ಹಳಸಿದೆ. ಉಳಿದಿರುವುದು ಆನೆಯ ಕತ್ತಿನ ಮೇಲೆ ಸಾಬು ಸಲೀಸಾಗಿ ಕೂತ ಪರಿ, ಆ ಕಾಡು, ಆ ಆನೆಗಳು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಸೀಮೆಯ ಎಷ್ಟೋ ನೆಲ ಕಬಿನಿ ಹಿನ್ನೀರಿನಡಿ ಸೇರಿತು.

ಕಥೆಯ ಬೆಲೆ ತೆತ್ತವನು ಸಾಬು. ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ. 1944ರಲ್ಲಿ ಅಲ್ಲಿನ ಪ್ರಜೆಯಾದ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ಪದಕ ಗಳಿಸಿದ. ಆದರೂ ಹಾಲಿವುಡ್‌ಗೆ ಅವನು ಬಹುಪಾಲು ಕಾಡಿನ ಹುಡುಗನೇ. 1963ರಲ್ಲಿ ತೀರಿಕೊಂಡಾಗ ಅವನಿಗೆ 39. ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗದ್ದೇನಲ್ಲ. ಹೊರಗಿನವರು ನಮ್ಮ ಮೇಲೆ ಹೊರಿಸಿದ ಕಥೆಯೇ ನಮ್ಮ ಗುರುತಾಗಿಬಿಡಬಹುದು.

ಹೈದರಾಬಾದಿನಿಂದ ಊರಿಗೆ ವಿಡಿಯೊ ಕಾಲ್ ಮಾಡಿದಾಗಲೂ ಅಷ್ಟೆ. ಅಮ್ಮ ಸೆರಗು ಸರಿಮಾಡಿಕೊಂಡು, ‘ನಂಗೇನಾಗಿದೆ, ಚೆನ್ನಾಗೇ ಇದ್ದೀನಿ’ ಎನ್ನುತ್ತಾಳೆ. ಹಿಂದಿನ ಮೇಜಿನ ಮೇಲೆ ಹೊಸ ಮಾತ್ರೆ ಡಬ್ಬಿ ಕಾಣುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿವೆ.

‘ನಾನೂಕ್’ ಅಂತರ್ಜಾಲದಲ್ಲಿ ಸಿಗುತ್ತದೆ. ಒಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ನೋಡಿ. ಯಾವುದು ಹೇಳಿ ಮಾಡಿಸಿದ್ದು, ಯಾವುದು ತಾನಾಗಿ ಬಂದು ಬಿದ್ದದ್ದು ಎಂದು ಕೇಳುತ್ತಾ ಹೋಗಿ. ದಿನವಿಡೀ ರೀಲ್ಸ್ ನೋಡುವ ಮಕ್ಕಳಿಗೆ ಆ ಪಾಟೀಸವಾಲಿನ ಅಭ್ಯಾಸ ಬೇಕು. ನಮಗೂ ಬೇಕು.