ಶೇಷ ಇಂಧನ ತೈಲದ ಸ್ಥಿರತೆಯ ಪರೀಕ್ಷೆ

ಶೇಷ ಇಂಧನ ತೈಲದ ಸ್ಥಿರತೆಯ ಪರೀಕ್ಷೆಯು, ಹಡಗುಗಳಲ್ಲಿ ಉರಿಸುವ ಭಾರವಾದ ತೈಲವು ಸಂಗ್ರಹಿಸಿಟ್ಟಾಗಲೂ ಕಾಯಿಸಿದಾಗಲೂ ಗಸಿ ಬಿಡದೆ ಉಳಿಯುವುದೇ ಎಂಬುದನ್ನು ಪ್ರಯೋಗಾಲಯದಲ್ಲಿ ನಿರ್ಣಯಿಸುವ ಕ್ರಮವಾಗಿದೆ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ನಂತರ ಉಳಿಯುವ ಭಾಗದಲ್ಲಿ ಆಸ್ಫಾಲ್ಟೀನ್ ಎಂಬ ಭಾರವಾದ ಅಣುಗಳು ಹರಡಿಕೊಂಡಿರುತ್ತವೆ. ತೈಲದ ಆರೊಮ್ಯಾಟಿಕ್ ಅಂಶವು ಕುಗ್ಗಿದರೆ ಅವು ಒಂದುಗೂಡಿ ತಳಕ್ಕಿಳಿಯುತ್ತವೆ.

ಹಿನ್ನೆಲೆ
ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2020ರ ಜನವರಿ 1ರಿಂದ ಹಡಗಿನ ಇಂಧನದ ಜಾಗತಿಕ ಗಂಧಕ ಮಿತಿಯನ್ನು ಶೇ. 3.50ರಿಂದ ಶೇ. 0.50ಕ್ಕೆ ಇಳಿಸಿತು. ಈ ಮಿತಿಯನ್ನು ಮುಟ್ಟಲು ಭಿನ್ನ ಮೂಲಗಳ ತೈಲಗಳನ್ನು ಬೆರೆಸುವ ರೂಢಿ ಹೆಚ್ಚಿದ್ದರಿಂದ ಸ್ಥಿರತೆಯ ಪ್ರಶ್ನೆಯು ಮುನ್ನೆಲೆಗೆ ಬಂದಿತು.

ವಿಧಾನಗಳು
ಐಎಸ್‌ಒ 10307ರ ಒಂದು ವಿಧಾನದಲ್ಲಿ ತೈಲವನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇರಿಸಿ, ಬಿಸಿಯಾಗಿರುವಾಗಲೇ ಸೋಸಿ, ಉಳಿದ ಗಸಿಯನ್ನು ತೂಗಲಾಗುತ್ತದೆ. ಐಎಸ್‌ಒ 8217ರ ಪ್ರಕಾರ ಅದು ತೈಲದ ತೂಕದ ಶೇ. 0.10ನ್ನು ಮೀರಬಾರದು. ಎಎಸ್‌ಟಿಎಂ ಡಿ4740 ಎಂಬ ಚುಕ್ಕೆ ಪರೀಕ್ಷೆಯಲ್ಲಿ ಕಾಗದದ ಮೇಲೆ ಹನಿ ಮೂಡಿಸುವ ಕಲೆಗೆ 1ರಿಂದ 5ರವರೆಗೆ ದರ್ಜೆ ನೀಡಲಾಗುತ್ತದೆ.

ಪರಿಮಿತಿ
ಪ್ರತ್ಯೇಕವಾಗಿ ತೇರ್ಗಡೆಯಾದ ಎರಡು ತೈಲಗಳು ಒಂದೇ ಟ್ಯಾಂಕಿನಲ್ಲಿ ಬೆರೆತಾಗ ಗಸಿ ಬಿಡಬಹುದು. ಗಸಿಯಿಂದ ಫಿಲ್ಟರುಗಳು ಕಟ್ಟಿಕೊಂಡರೆ ಎಂಜಿನ್ ನಿಂತು, ಹಡಗು ಹಾಗೂ ನಾವಿಕರು ನಡುಗಡಲಿನಲ್ಲಿ ಅಪಾಯಕ್ಕೆ ಸಿಲುಕುತ್ತಾರೆ. ಆದ್ದರಿಂದ ಬೆರೆಸುವ ಮುನ್ನ ಮಿಶ್ರಣದ ಮಾದರಿಯನ್ನೇ ಪರೀಕ್ಷಿಸುವುದು ಅವಶ್ಯಕ. ಬರಿದಾದ ಟ್ಯಾಂಕಿಗೆ ಹೊಸ ತೈಲ ತುಂಬುವುದು ಇನ್ನೂ ಸುರಕ್ಷಿತ.